ಫ್ಲೆಕ್ಸ್‌ನಲ್ಲಿರುವ ಭಕ್ತರ ಬಗ್ಗೆ, ಮಗಳಿಗೆ

ವಿಜಯಪುರ

ಮಗಳೇ,

ಬಂದ ಸಂಬಂಧದ ಬಗ್ಗೆ ಕೇಳಿದ್ದೆಯಲ್ಲ, "ಅಷ್ಟು ಭಕ್ತಿ ಇರೋ ಮನೆ, ನಿನಗ್ಯಾಕಪ್ಪಾ ಅನುಮಾನ?" ಅಂತ. ಫೋನಿನಲ್ಲಿ ಹೇಳಿದರೆ ನಡುವೆಯೇ ಜಗಳ ತೆಗೆಯುತ್ತೀಯ, ಅದಕ್ಕೇ ಬರೆಯುತ್ತಿದ್ದೇನೆ.

ಹುಡುಗನ ಅಪ್ಪ, ಆ ಸಾವಕಾರರನ್ನು ಜಾತ್ರೆಯ ದಾಸೋಹದಲ್ಲಿ ನೋಡಿದೆ. ಹಣೆ ತುಂಬ ವಿಭೂತಿ, ಕೈಯಲ್ಲಿ ಹುಗ್ಗಿಯ ಸೌಟು. ಫೋಟೊ ಮುಗಿಯುವವರೆಗೆ ಬಡಿಸಿದರು, ಆಮೇಲೆ ಸೌಟು ಅಡುಗೆಯವನ ಕೈಗೆ. ಫ್ಲೆಕ್ಸ್‌ನಲ್ಲಿ ತಮ್ಮ ಹೆಸರು ಎರಡನೇ ಸಾಲಿಗೆ ಬಂದಿದೆ ಅಂತ ಕಮಿಟಿಯ ಹುಡುಗರನ್ನು ಎಲ್ಲರೆದುರು ಬಾಯಿಗೆ ಬಂದಂತೆ ಬೈದರು. ಪಕ್ಕದಲ್ಲೇ ಒಬ್ಬ ಮುದುಕಿ ಇನ್ನಷ್ಟು ಹುಗ್ಗಿ ಕೇಳುತ್ತಿದ್ದಳು. ಇವರಿಗೆ ಕೇಳಿಸಲೇ ಇಲ್ಲ. ಸಂಜೆ ಅದೇ ಫೋಟೊ ಸ್ಟೇಟಸ್‌ನಲ್ಲಿತ್ತು: "ಎಲ್ಲಾ ಅವನಿಚ್ಛೆ, ನಾನು ನಿಮಿತ್ತ ಮಾತ್ರ."

ಹಾಗಂತ ಜನರ ಮುಂದೆ ಮಾಡುವ ಭಕ್ತಿಯೆಲ್ಲ ನಾಟಕ ಅಂದುಕೊಳ್ಳಬೇಡ. ಯುಗಾದಿಗೆ ನಮ್ಮ ಕಡೆಯಿಂದ ಕಂಬಿ, ಅಂದರೆ ದೇವರ ಕಾವಡಿ, ಹೊತ್ತು ಶ್ರೀಶೈಲಕ್ಕೆ ನಡೆಯುವವರು ಸುಮ್ನೆ ಹೋಗುತ್ತಾರಾ? ಮಲ್ಲಯ್ಯನ ಹಾಡು ಊರಿಗೆಲ್ಲ ಕೇಳುತ್ತದೆ. ಆದರೆ ಒಬ್ಬನ ಕಾಲಲ್ಲಿ ಬೊಬ್ಬೆ ಎದ್ದರೆ ಇನ್ನೊಬ್ಬ ಕೂತು ಎಣ್ಣೆ ಹಚ್ಚುತ್ತಾನೆ. ದಾರಿಯಲ್ಲಿ ಮಜ್ಜಿಗೆ ಕೊಟ್ಟವರ ಹೆಸರು ಕುಡಿದವರಿಗೆ ಗೊತ್ತೇ ಇರುವುದಿಲ್ಲ.

ನಮ್ಮ ಸಿದ್ಧೇಶ್ವರ ಸ್ವಾಮೀಜಿಯವರ ಅಂಗಿಗೆ ಜೇಬೇ ಇರಲಿಲ್ಲ. 2018ರಲ್ಲಿ ಪದ್ಮಶ್ರೀ ಬಂದಾಗ ಬೇಡ ಅಂದರು. 2023ರ ಜನವರಿ 2ರಂದು ಅವರು ಹೋದ ಮೇಲೆ, ಮೊದಲೇ ಬರೆದಿಟ್ಟಂತೆ ದೇಹವನ್ನು ಬೆಂಕಿಗೆ ಒಪ್ಪಿಸಿದರು. ಸ್ಮಾರಕವೂ ಬೇಡ ಅಂತ ಬರೆದಿದ್ದರು. ಅಂಥವರಿಗೆ ಶ್ರದ್ಧಾಂಜಲಿ ಹೇಳುವ ಫ್ಲೆಕ್ಸ್‌ನಲ್ಲೂ ಸ್ವಾಮೀಜಿಗಿಂತ ದೊಡ್ಡದಾಗಿ ತಮ್ಮ ಫೋಟೊ ಹಾಕಿಸಿದವರನ್ನು ನೋಡಿದ್ದೇನೆ!

ಹೀಗೆ ತನ್ನನ್ನೇ ತಾನು ಮೆರೆಸಿಕೊಳ್ಳುವ ಗೀಳಿಗೆ ನೀವು ಓದಿದವರು ನಾರ್ಸಿಸಿಸಂ ಅಂತೀರಿ. ಕಾಯಿಲೆ ಹೌದೋ ಅಲ್ಲವೋ ಡಾಕ್ಟರು ಹೇಳಲಿ. ನನಗೆ ಕಂಡಿದ್ದು, ಹೊಗಳಿಕೆ ಸ್ವಲ್ಪ ಕಡಿಮೆಯಾದರೂ ಇಂಥವರಿಗೆ ಸಿಟ್ಟು ನೆತ್ತಿಗೇರುತ್ತದೆ. ಅದಕ್ಕಿಂತ ಜಾಸ್ತಿ ಹೆದರಿಕೆ ಇನ್ನೊಂದು. ತಪ್ಪು ತೋರಿಸಿದರೆ ದೇವರನ್ನು ಮುಂದೆ ಮಾಡುತ್ತಾರೆ. ಅಂಥ ಮನೆಯಲ್ಲಿ ಸೊಸೆ ಮಾವನಿಗೆ ಒಂದು ಮಾತು ಎದುರಾಡಿದರೂ ಧರ್ಮಕ್ಕೇ ಎದುರಾಡಿದಳು ಅಂತಾಗುತ್ತದೆ. ನೀನೋ, ನನ್ನವ್ವ, ದಿನಕ್ಕೆ ಹತ್ತು ಮಾತು ಎದುರಾಡುವವಳು.

ಹುಡುಗ ಅಪ್ಪನ ಹಾಗೇ ಇರಬೇಕು ಅಂತೇನಿಲ್ಲ. ರವಿವಾರ ಬರುತ್ತಾರೆ. ಅವನೊಬ್ಬನ ಜೊತೆ ಮಾತಾಡು. ಅಪ್ಪನ ಯಾವ ಮಾತಿಗೆ ಅವನು ಒಲ್ಲೆ ಅಂದಿದ್ದಾನೆ, ಕೇಳು. ಉತ್ತರ ಬರಲಿಲ್ಲ ಅಂದರೆ ಚಹಾ ಕೊಟ್ಟು ಕಳಿಸೋಣ.

ನಿನ್ನ ಅಪ್ಪ