ಮಾನ್ಯ ಸಂಸದರೇ, ಒಂದು ಬೆಳಿಗ್ಗೆ ಮಲ್ಪೆ ದಕ್ಕೆಗೆ ಬನ್ನಿ

ಉಡುಪಿ–ಚಿಕ್ಕಮಗಳೂರು ಕ್ಷೇತ್ರದ ಲೋಕಸಭಾ ಸದಸ್ಯರಿಗೆ ಗೌರವಪೂರ್ವಕ ನಮಸ್ಕಾರಗಳು.

ನಾನು ಮಲ್ಪೆಯ ಬೋಟಿನ ಮನೆಯವನು. ದುಡಿದದ್ದು ಮಾತ್ರ ಪೂರ್ವ ಕರಾವಳಿಯಲ್ಲಿ, ಕಾಕಿನಾಡದಾಚೆಯ ಆಳಸಮುದ್ರದ ಅನಿಲ ಬಾವಿಗಳಲ್ಲಿ. ಅನಿಲ ಬೇಡ ಎನ್ನಲು ಈ ಪತ್ರ ಬರೆಯುತ್ತಿಲ್ಲ. ದೇಶ ಬಳಸುವ ನೈಸರ್ಗಿಕ ಅನಿಲದಲ್ಲಿ ಸುಮಾರು ಅರ್ಧ ಹೊರದೇಶದ್ದು. 2021ರ ಜನವರಿಯಲ್ಲಿ ಉದ್ಘಾಟನೆಯಾದ ಕೊಚ್ಚಿ–ಮಂಗಳೂರು ಕೊಳವೆಯಲ್ಲಿ ನಮ್ಮ ಕಡೆಗೆ ಬರುವುದೂ ಹಡಗಿನಲ್ಲಿ ಕೊಚ್ಚಿಗೆ ಬಂದಿಳಿದ ಅನಿಲವೇ.

ನಮ್ಮೆದುರಿನ ಕೇರಳ–ಕೊಂಕಣ ಕಡಲಿನಲ್ಲಿ ಇದುವರೆಗೆ ಅನಿಲದ ವಾಣಿಜ್ಯ ಉತ್ಪಾದನೆ ಇಲ್ಲ. ಆದರೆ ಈಗಿನ ನೀತಿಯಂತೆ ಕಂಪನಿಯೇ ಅನಿಲ ಹುಡುಕಲು ತನಗೆ ಬೇಕಾದ ಕಡಲಿನ ತುಂಡನ್ನು (ಇದನ್ನೇ ಬ್ಲಾಕ್ ಎನ್ನುತ್ತಾರೆ) ಗುರುತಿಸಿ ಹರಾಜಿಗೆ ಕೇಳಬಹುದು. ಆ ದಿನ ಬರುವ ಮೊದಲೇ ನಿಮ್ಮ ಕಿವಿಗೆ ಈ ಮಾತು ಬೀಳಲಿ ಎಂಬುದು ನನ್ನ ಆಸೆ.

ಎರಡು ಸಾವಿರ ಮೀಟರ್ ಆಳಕ್ಕೆ ಮನುಷ್ಯ ಇಳಿಯಲಾರ. ಯಂತ್ರವನ್ನು ಇಳಿಸಿ, ಹಡಗಿನ ಕೋಣೆಯಲ್ಲಿ ಕುಳಿತು ಪರದೆ ನೋಡುತ್ತ ವಾಲ್ವ್ ತಿರುಗಿಸುತ್ತಿದ್ದೆವು. ಬೆಳಕು ಬಿದ್ದಲ್ಲಿ ನಮ್ಮ ದಕ್ಕೆಯಲ್ಲಿ ಎಂದೂ ಕಾಣದ ಮೀನೊಂದು ಬಂದು ಕದಲದೆ ನಿಲ್ಲುತ್ತಿತ್ತು. ಅಲ್ಲಿ ಒತ್ತಡ ಮೇಲಿನದಕ್ಕಿಂತ ಇನ್ನೂರು ಪಟ್ಟು. ನೀರು ಕೊರೆಯುವಷ್ಟು ತಣ್ಣಗೆ. ಅನಿಲದೊಂದಿಗೆ ಬರುವ ನೀರು ಆ ಚಳಿಗೆ ಅನಿಲವನ್ನೇ ಹಿಡಿದು ಮಂಜುಗಡ್ಡೆಯಂತೆ ಹೆಪ್ಪುಗಟ್ಟಿ ಕೊಳವೆಯನ್ನು ಮುಚ್ಚಿಬಿಡುತ್ತದೆ. ಅದಕ್ಕೇ ದಡದಿಂದ ಹೆಪ್ಪುಗಟ್ಟುವುದನ್ನು ತಡೆಯುವ ಗ್ಲೈಕಾಲ್ ಎಂಬ ದ್ರವ ಕಳುಹಿಸಿ ಬಾವಿಯ ಬಾಯಲ್ಲೇ ಬೆರೆಸುತ್ತಾರೆ. ಹನಿ ನೀರಿನ ಲೆಕ್ಕವಿಡುವ ಇದೇ ಉದ್ಯಮಕ್ಕೆ ಬೋಟಿನವನ ಲೆಕ್ಕ ಮಾತ್ರ ಕೊನೆಗೆ ನೆನಪಾಗುತ್ತದೆ.

ನಮ್ಮವರಿಗೆ ತೊಂದರೆ ಶುರುವಾಗುವುದು ಬಾವಿಯಿಂದಲ್ಲ, ಕಡಲತಳದಡಿ ಅನಿಲ ಎಲ್ಲಿದೆಯೆಂದು ಹುಡುಕುವ ಸಮೀಕ್ಷೆಯಿಂದ. ಸಮೀಕ್ಷೆಯ ಹಡಗು ಹಲವು ಕಿಲೋಮೀಟರ್ ಉದ್ದದ ಕೇಬಲ್‌ಗಳನ್ನು ಎಳೆದುಕೊಂಡು ಹೋಗುತ್ತದೆ. ಅದರ ದಾರಿಯಲ್ಲಿ ಬಲೆ ಇರುವಂತಿಲ್ಲ. ಅದಕ್ಕೆ ಬೇಕಾದದ್ದು ಶಾಂತ ಕಡಲು. ಜೂನ್, ಜುಲೈಯಲ್ಲಿ ಬೋಟುಗಳು ದಡದಲ್ಲಿರುವಾಗ ಕಡಲು ಶಾಂತವಾಗಿರುವುದಿಲ್ಲ. ಅಂದರೆ ಅದು ಬರುವುದು ನಮ್ಮ ದುಡಿಮೆಯ ತಿಂಗಳುಗಳಲ್ಲೇ. ಹತ್ತು ದಿನಕ್ಕೆ ಡೀಸೆಲ್, ಐಸ್ ತುಂಬಿಸಿ ಹೊರಟ ಬೋಟು ಹಿಂದೆ ಸರಿಯಬೇಕಾದರೆ ಆ ನಷ್ಟ ಯಾರದು?

ಕೇಳೋಣವೆಂದರೆ ವೇದಿಕೆಯೂ ಇಲ್ಲ. ಪರಿಸರ ಅನುಮತಿಯ ನಿಯಮಕ್ಕೆ 2020ರ ಜನವರಿಯಲ್ಲಿ ತಂದ ತಿದ್ದುಪಡಿಯಿಂದ ತೈಲ–ಅನಿಲ ಪರಿಶೋಧನೆಗೆ ಸಾರ್ವಜನಿಕ ಅಹವಾಲು ಸಭೆ ಕಡ್ಡಾಯವಲ್ಲ. ಇದನ್ನು ದಯವಿಟ್ಟು ಸಂಸತ್ತಿನಲ್ಲಿ ಎತ್ತಿ. ನಮ್ಮ ಕಡಲಿನ ಬ್ಲಾಕ್ ಹರಾಜಿಗಿಡುವ ಮೊದಲು ಬೋಟು ನಡೆಸುವ ತಾಂಡೇಲರ ಸಭೆ ನಡೆಯಲಿ, ಕನ್ನಡದಲ್ಲಿ, ತುಳುವಿನಲ್ಲಿ. ಸಮೀಕ್ಷೆಯ ದಾರಿ, ದಿನಾಂಕ ಋತು ಆರಂಭಕ್ಕೆ ಮೊದಲೇ ತಿಳಿಯಲಿ. ತಪ್ಪಿದ ದುಡಿಮೆಗೆ ಪರಿಹಾರ ಎಷ್ಟೆಂಬುದು ಗುತ್ತಿಗೆಯಲ್ಲೇ ಬರೆದಿರಲಿ.

ಅನಿಲ ಬಂದರೆ ಊರು ಉದ್ಧಾರವಾಗುತ್ತದೆಂಬ ಭರವಸೆಯನ್ನು ಮಾತ್ರ ಯಾರೂ ಕೊಡದಿರಲಿ. ಕಾಕಿನಾಡದೆದುರಿನ ಡಿ6 ಬ್ಲಾಕಿನಲ್ಲಿ 2009ರ ಏಪ್ರಿಲ್‌ನಲ್ಲಿ ಅನಿಲ ಕೊಡಲಾರಂಭಿಸಿದ ಮೊದಲ ಕ್ಷೇತ್ರ 2020ರ ಫೆಬ್ರುವರಿಯಲ್ಲಿ ನಿಂತೇಹೋಯಿತು. ಹನ್ನೊಂದು ವರ್ಷವೂ ತುಂಬಲಿಲ್ಲ.

ಬೋಟುಗಳು ಮೀನು ಇಳಿಸುವ ಹೊತ್ತಿಗೆ ಬನ್ನಿ. ತಾಂಡೇಲರು ಬಲೆ ಹಾಕುವ ಜಾಗಗಳನ್ನು ತೋರಿಸುತ್ತಾರೆ. ನಕ್ಷೆ ನಾನು ತರುತ್ತೇನೆ.

ಇತಿ ನಿಮ್ಮ ಕ್ಷೇತ್ರದ ಒಬ್ಬ ಮತದಾರ,
ಮಲ್ಪೆ