ಲಾಕ್‌ಡೌನ್ ಆದೇಶ ಮೀರಿ ಅರ್ಧ ಶಟರಿನಲ್ಲಿ ನಡೆಯುವ ವ್ಯಾಪಾರದ ಬಗ್ಗೆ ಐದನೆಯ ಮನವಿ

ಮಂಗಳೂರು
ದಿನಾಂಕ: 16-06-2021

ಗೆ,
ಮಹಾನಗರ ಪಾಲಿಕೆಯ ಮಾನ್ಯ ಆಯುಕ್ತರವರಿಗೆ

ಇವರಿಂದ,
ಅಡ್ಡರಸ್ತೆಯ ನಿವಾಸಿಗಳು (ಸಹಿ ಮತ್ತು ಮನೆ ನಂಬ್ರ ಲಗತ್ತಿಸಿದೆ)

ವಿಷಯ: ನಿಷೇಧಿತ ಅವಧಿಯಲ್ಲಿ ವ್ಯಾಪಾರ ನಡೆಸುವ ಅಂಗಡಿಗಳ ಮೇಲೆ ಕ್ರಮ ಜರಗಿಸುವ ಬಗ್ಗೆ, ಮತ್ತು ಈ ಹಿಂದಿನ ಅರ್ಜಿಗಳು ಏನಾದವು ಎಂದು ತಿಳಿಸುವ ಬಗ್ಗೆ.

ಮಾನ್ಯರೇ,

ಮೇಲ್ಕಾಣಿಸಿದ ವಿಷಯಕ್ಕೆ ಸಂಬಂಧಿಸಿ ತಮ್ಮಲ್ಲಿ ವಿನಂತಿಸುವುದೇನೆಂದರೆ, ಒಂದೂವರೆ ತಿಂಗಳಲ್ಲಿ ಇದೇ ವಿಷಯಕ್ಕೆ ನಾವು ಕೊಡುತ್ತಿರುವ ಐದನೆಯ ಅರ್ಜಿ ಇದು. ಹಿಂದಿನ ನಾಲ್ಕರಲ್ಲೂ ಮೇಲ್ಗಡೆ ‘ತುರ್ತು’ ಎಂದು ಬರೆದಿದ್ದೆವು. ಈ ಸಲ ಬರೆದಿಲ್ಲ.

ಏಪ್ರಿಲ್ 27ರ ರಾತ್ರಿಯಿಂದ ಕರ್ಫ್ಯೂ, ಮೇ 10ರಿಂದ ಲಾಕ್‌ಡೌನ್. ಮೊನ್ನೆ ಸೋಮವಾರ 19 ಜಿಲ್ಲೆಗಳಿಗೆ ಸಡಿಲಿಕೆ ಸಿಕ್ಕಿತು. ಸೋಂಕು ಇಳಿಯದ 11 ಜಿಲ್ಲೆಗಳಿಗೆ 21ರವರೆಗೆ ವಿಸ್ತರಣೆ ಆಯಿತು, ದಕ್ಷಿಣ ಕನ್ನಡ ಆ 11ರಲ್ಲಿ ಒಂದು. ಜಿಲ್ಲೆಯಲ್ಲಿ ಯಾಕೆ ಇಳಿಯಲಿಲ್ಲ ಎಂಬುದನ್ನು ತಿಳಿದವರು ಹೇಳಲಿ. ನಮ್ಮ ರಸ್ತೆಯ ಮಟ್ಟಿಗೆ ತಿಳಿಯಬೇಕಿದ್ದರೆ ತಮ್ಮ ಸಿಬ್ಬಂದಿಯಲ್ಲಿ ಯಾರಾದರೊಬ್ಬರು ಬೆಳಿಗ್ಗೆ ಹನ್ನೊಂದಕ್ಕೆ ಬಂದು ಕಾಲು ಗಂಟೆ ನಿಲ್ಲಲಿ. ಜೀಪಿನಲ್ಲಿ ಬೇಡ, ನಡೆದುಕೊಂಡು.

ಮೂಲೆಯ ಬಟ್ಟೆ ಅಂಗಡಿಯ ಮುಂದೆ ಎರಡು ಕ್ರೇಟ್ ಟೊಮೆಟೊ, ಒಂದು ಬುಟ್ಟಿ ನೀರುಳ್ಳಿ ಇಟ್ಟಿರುತ್ತಾರೆ. ಅಗತ್ಯ ವಸ್ತು! ಅದೇ ಟೊಮೆಟೊ ಮೂರು ವಾರದಿಂದ ಅಲ್ಲಿದೆ, ಮೇಲಿನ ಸಾಲು ಕೊಳೆತು ನೊಣ ಮುತ್ತುತ್ತಿದೆ, ಯಾರೂ ಕೊಳ್ಳುವುದಿಲ್ಲ, ಕೊಳ್ಳಲು ಇಟ್ಟದ್ದೂ ಅಲ್ಲ. ಶಟರ್ ಸೊಂಟದ ಎತ್ತರಕ್ಕೆ ಇಳಿದಿರುತ್ತದೆ. ಗಿರಾಕಿ ಬಗ್ಗಿ ಒಳಗೆ ಹೋಗುತ್ತಾರೆ, ಒಳಗೆ ಫ್ಯಾನ್ ತಿರುಗುತ್ತಿರುತ್ತದೆ, ಸೀರೆ ಬಿಡಿಸುತ್ತಿರುತ್ತಾರೆ. ಹತ್ತು ಅಡಿ ಅಗಲದ ಕೋಣೆಯಲ್ಲಿ ಕಿಟಕಿ ಇಲ್ಲದೆ ಹದಿನಾಲ್ಕು ಜನ ಇದ್ದದ್ದನ್ನು ನಾವು ಎಣಿಸಿದ್ದೇವೆ, ಹೊರಗೆ ಬರುವಾಗ ಚಪ್ಪಲಿ ಲೆಕ್ಕ ಹಾಕಿ. ತಿರುವಿನಲ್ಲಿ ಹುಡುಗನೊಬ್ಬ ಬೈಕಿನ ಮೇಲೆ ಕೂತಿರುತ್ತಾನೆ. ಅವನು ಹಾರ್ನ್ ಎರಡು ಸಲ ಹೊಡೆದರೆ ಶಟರ್ ಪೂರ್ತಿ ಕೆಳಗೆ. ಜೀಪು ಹೋಗುವವರೆಗೆ ಒಳಗಿದ್ದವರೆಲ್ಲ ಕತ್ತಲೆಯಲ್ಲಿ ಉಸಿರಾಡುತ್ತ ನಿಲ್ಲಬೇಕು. ರೋಗ ಹರಡಲು ಇದಕ್ಕಿಂತ ಒಳ್ಳೆ ಏರ್ಪಾಡು ಬೇಡ. ಪಕ್ಕದ ಮೊಬೈಲ್ ಅಂಗಡಿಯದ್ದು ಹಿಂಬಾಗಿಲ ವ್ಯಾಪಾರ, ದಾರಿ ನಮ್ಮದೇ ಒಂದು ಮನೆಯ ಕಂಪೌಂಡಿನ ಒಳಗಿನಿಂದ. ಹೋಟೆಲಿನಲ್ಲಿ ‘ಪಾರ್ಸೆಲ್ ಮಾತ್ರ’ ಎಂಬ ಬೋರ್ಡಿನ ಹಿಂದೆ ಮೇಜು ಹಾಕಿ ಬಡಿಸುತ್ತಾರೆ.

ಇಷ್ಟು ಓದಿದ ಮೇಲೆ ನಾವು ವ್ಯಾಪಾರಿಗಳ ಹೊಟ್ಟೆಗೆ ಹೊಡೆಯಲು ಹೊರಟವರು ಎಂದು ತಮಗೆ ಅನಿಸಬಹುದು. ಬಟ್ಟೆ ಅಂಗಡಿಯವರಿಗೆ ಅನಿಸಿಯೂ ಆಗಿದೆ. “ಮಾಷ್ಟ್ರೇ, ನಿಮಗೆ ಒಂದನೇ ತಾರೀಕಿಗೆ ಪೆನ್ಶನ್ ಬರ್ತದೆ. ನಮ್ಮ ಬಾಡಿಗೆ ಯಾರು ಕಟ್ಟುವುದು?” ಎಂದು ನನ್ನನ್ನು ರಸ್ತೆಯಲ್ಲಿ ನಿಲ್ಲಿಸಿ ಕೇಳಿದರು. ಆ ಪ್ರಶ್ನೆಗೆ ನನ್ನಲ್ಲಿ ಉತ್ತರ ಇರಲಿಲ್ಲ. ಮೇ 19ರಂದು ಸರಕಾರ ಘೋಷಿಸಿದ ಪ್ಯಾಕೇಜಿನಲ್ಲಿ ಆಟೋದವರಿಗೆ 3,000, ಕ್ಷೌರಿಕರಿಗೆ, ದರ್ಜಿಗಳಿಗೆ, ಬೀದಿ ವ್ಯಾಪಾರಿಗಳಿಗೆ 2,000 ರೂಪಾಯಿ. ಅದರಲ್ಲಿ ಯಾವ ಅಂಗಡಿಯ ಬಾಡಿಗೆಯೂ ಹುಟ್ಟುವುದಿಲ್ಲ. ಸಾಲದ ಕಂತು, ಕೆಲಸದವರ ಸಂಬಳ ಬೇರೆ. ಇನ್ನೊಂದನ್ನೂ ಮುಚ್ಚಿಡುವುದಿಲ್ಲ: ಆ ಹಿಂಬಾಗಿಲಿನಿಂದ ಸಾಮಾನು ತಂದವರು ಈ ಅರ್ಜಿಗೆ ಸಹಿ ಹಾಕಿದವರಲ್ಲೂ ಇದ್ದಾರೆ. ಮೊಮ್ಮಗಳ ಆನ್‌ಲೈನ್ ತರಗತಿಗೆಂದು ಚಾರ್ಜರ್ ತಂದವನು ಇದನ್ನು ಬರೆಯುತ್ತಿರುವವನೇ.

ಆದರೆ ಅದೇ ಸಾಲಿನಲ್ಲಿ ಒಬ್ಬ ದರ್ಜಿ ಇದ್ದಾರೆ. ಏಪ್ರಿಲ್ 27ರಂದು ಬೀಗ ಹಾಕಿದವರು ಇವತ್ತಿನವರೆಗೆ ವ್ಯಾಪಾರಕ್ಕೆ ತೆರೆದಿಲ್ಲ. ಮಳೆ ಶುರುವಾದ ಮೇಲೆ ಬೀಗಕ್ಕೆ ಎಣ್ಣೆ ಬಿಡಲು ಒಮ್ಮೆ ಬಂದು ಶಟರ್ ಎತ್ತಿದರೆ, ಶಾಲೆಯ ಸಮವಸ್ತ್ರಕ್ಕೆಂದು ತರಿಸಿಟ್ಟ ಬಟ್ಟೆಯ ಥಾನಿಗೆ ಬೂಷ್ಟು ಹಿಡಿದಿತ್ತು. ಅದನ್ನು ಜಗಲಿಯಲ್ಲಿ ಹರಡಿ ಬ್ರಷ್ಷಿನಲ್ಲಿ ತಿಕ್ಕಿದರು, ಮತ್ತೆ ಮಡಚಿ ಒಳಗಿಟ್ಟು ಬೀಗ ಹಾಕಿ ಹೋದರು. ಅವರ ಗಿರಾಕಿಗಳು ಈಗ ಬಟ್ಟೆ ಅಂಗಡಿಯ ಒಳಗೇ ಹೊಲಿಗೆ ಯಂತ್ರ ಇಟ್ಟುಕೊಂಡವನ ಹತ್ತಿರ ಹೋಗುತ್ತಿದ್ದಾರೆ. ಆದೇಶ ಪಾಲಿಸಿದವರ ಗಿರಾಕಿಯನ್ನು ಮುರಿದವರಿಗೆ ಕೊಡಿಸಲಿಕ್ಕೆ ಆದೇಶ ಹೊರಡಿಸಿದ್ದೋ ಎಂದು ಅವರು ಕೇಳಿದರೆ ತಾವು ಏನು ಹೇಳುತ್ತೀರಿ? ದಯವಿಟ್ಟು ನಮಗೂ ತಿಳಿಸಿ, ಅವರು ನಮ್ಮನ್ನು ಕೇಳುತ್ತಿದ್ದಾರೆ.

ಕ್ರಮ ಆಗಲೇ ಇಲ್ಲ ಎಂದೇನೂ ಅಲ್ಲ, ಒಮ್ಮೆ ಆಗಿದೆ. ಮೇ ಕೊನೆಯ ವಾರ ತಂಡ ಬಂತು. ಬಂದು, ಕಟ್ಟೆಯ ಮೇಲೆ ನಾಲ್ಕು ಚೆಂಡು ಮಲ್ಲಿಗೆ ಇಟ್ಟುಕೊಂಡು ಕೂತಿದ್ದ ಹೂವಿನಕ್ಕನ ಬುಟ್ಟಿಯನ್ನು ವ್ಯಾನಿಗೆ ಎತ್ತಿ ಹಾಕಿತು. ಮಾಸ್ಕ್ ಮೂಗಿನಿಂದ ಜಾರಿದ್ದಕ್ಕೆ 250 ರೂಪಾಯಿ ದಂಡವನ್ನೂ ಬರೆಯಿತು. ಹಿಂದೆ ಹತ್ತು ಹೆಜ್ಜೆ ದೂರದಲ್ಲಿ ಟೊಮೆಟೊ ಕ್ರೇಟು ಇತ್ತು, ಅದರ ಹಿಂದೆ ಶಟರ್ ಇತ್ತು. ಕಾನೂನಿನ ಕಣ್ಣಿಗೆ ಬುಟ್ಟಿ ಕಂಡಿತು, ಶಟರ್ ಕಾಣಲಿಲ್ಲ.

ಇನ್ನು ನಮ್ಮ ದೂರುಗಳ ಕತೆ. ಮೊದಲನೆಯ ಅರ್ಜಿ ಮೇ 3ಕ್ಕೆ. ಅದು ಪೊಲೀಸರಿಗೆ ಬಿಟ್ಟದ್ದು ಎಂದರು. ಠಾಣೆಗೆ ಹೋದೆವು, ಪರವಾನಿಗೆ ಕೊಟ್ಟವರನ್ನೇ ಕೇಳಿ ಎಂದರು. ಎರಡನೆಯದನ್ನು ಕೊಟ್ಟಾಗ ಆರೋಗ್ಯ ನಿರೀಕ್ಷಕರು ಸ್ಥಳಕ್ಕೆ ಬರುವುದಾಗಿ ಹೇಳಿದರು, ಬಂದರು ಕೂಡ, ಸಂಜೆ ನಾಲ್ಕಕ್ಕೆ. ಬೆಳಗಿನ ವ್ಯಾಪಾರವನ್ನು ಸಂಜೆ ನೋಡಿ ‘ಎಲ್ಲ ಮುಚ್ಚಿದೆ’ ಎಂದು ಬರೆದುಕೊಂಡು ಹೋದರು. ಮೂರನೆಯದಕ್ಕೆ ಸಾಕ್ಷಿ ಬೇಕು ಎಂದದ್ದರಿಂದ ನಮ್ಮವರೊಬ್ಬರು ಮಹಡಿಯಿಂದ ಫೋಟೊ ತೆಗೆದು, ತಮ್ಮ ಸಿಬ್ಬಂದಿ ಕೊಟ್ಟ ನಂಬ್ರಕ್ಕೇ ವಾಟ್ಸಾಪ್ ಮಾಡಿದರು. ಅದೇ ಸಂಜೆ ಆರೂವರೆಗೆ ಆ ಫೋಟೊ, ಕಳುಹಿಸಿದವರ ಹೆಸರು ಸಮೇತ, ಅಂಗಡಿಯವರ ಮೊಬೈಲಿನಲ್ಲಿತ್ತು. ಮರುದಿನ ಫೋಟೊ ಕಳುಹಿಸಿದವರ ಗೇಟಿನ ಮುಂದೆ ಹಳಸಿದ ಅನ್ನದ ಚೀಲ ಬಿದ್ದಿತ್ತು. ಯಾರು ಹಾಕಿದರೋ ನಾವು ನೋಡಿಲ್ಲ, ಆದ್ದರಿಂದ ಹೇಳುವುದಿಲ್ಲ. ಫೋಟೊ ಯಾರ ಕೈಯಿಂದ ಹೋಯಿತು ಎಂಬುದನ್ನು ಮಾತ್ರ ತಾವು ಹೇಳಲೇಬೇಕು, ಯಾಕೆಂದರೆ ಅದು ಒಂದೇ ಫೋನಿಗೆ ಹೋದದ್ದು. ಸಹಾಯವಾಣಿಯಲ್ಲಿ ಕೊಟ್ಟ ದೂರಿಗೆ ‘ತಮ್ಮ ದೂರನ್ನು ಪರಿಹರಿಸಲಾಗಿದೆ’ ಎಂಬ ಸಂದೇಶ ಬಂದ ಹೊತ್ತಿಗೆ ಕೆಳಗೆ ಮೂವರು ಬಗ್ಗಿ ಒಳಗೆ ಹೋಗುತ್ತಿದ್ದರು. ನಾಲ್ಕನೆಯ ಅರ್ಜಿಗೆ ಸ್ವೀಕೃತಿ ಮೊಹರು ಸಿಗಲಿಲ್ಲ, ಮೊಹರು ಇರುವ ಮೇಜಿನವರು ಕ್ವಾರಂಟೈನ್‌ನಲ್ಲಿದ್ದರಂತೆ.

ಅಧಿಕಾರ ಇಲ್ಲ ಎಂಬ ಮಾತನ್ನು ದಯವಿಟ್ಟು ಹೇಳಬೇಡಿ. ವಿಪತ್ತು ನಿರ್ವಹಣಾ ಕಾಯ್ದೆ 2005ರ 51ನೇ ಕಲಂ ಇದೆ, ಭಾರತೀಯ ದಂಡ ಸಂಹಿತೆಯ 188 ಇದೆ, ರಾಜ್ಯದ್ದೇ ಸಾಂಕ್ರಾಮಿಕ ರೋಗಗಳ ಕಾಯ್ದೆ 2020 ಇದೆ. ಕಳೆದ ವರ್ಷ ಏಪ್ರಿಲಿನಲ್ಲಿ ಸೆಂಟ್ರಲ್ ಮಾರ್ಕೆಟಿನ ಸಗಟು ವ್ಯಾಪಾರವನ್ನೇ ಬೈಕಂಪಾಡಿ ಎಪಿಎಂಸಿಗೆ ಎತ್ತಿ ಹಾಕಲು ಆಡಳಿತಕ್ಕೆ ಸಾಧ್ಯವಾಗಿತ್ತು. ಒಂದು ಮಾರ್ಕೆಟನ್ನು ಸಾಗಿಸಿದ ಊರಿನಲ್ಲಿ ಒಂದು ಶಟರ್ ಎಳೆಯಲು ಜನ ಇಲ್ಲವೆಂದರೆ ನಂಬುವುದು ಹೇಗೆ?

ಬರೆಯಲು ಕೂತ ಮೇಲೆ ಉಳಿದದ್ದನ್ನೂ ಬರೆಯುತ್ತೇವೆ, ಆರನೆಯ ಅರ್ಜಿಗೆ ಕಾಗದ ಉಳಿಯಲಿ. ಇದೇ ಅಂಗಡಿಗಳು ಫುಟ್‌ಪಾತಿನ ಮೇಲೆ ಶೀಟ್ ಇಳಿಸಿ ಎರಡು ವರ್ಷವಾಯಿತು, ನಡೆಯುವವರು ರಸ್ತೆಗೇ ಇಳಿಯಬೇಕು. ಅವರ ಥರ್ಮಾಕೋಲ್, ಪ್ಲಾಸ್ಟಿಕ್ ತುಂಬಿ ತೋಡು ಕಟ್ಟಿದೆ. ಮೊನ್ನೆಯ ಮಳೆಗೆ ಕೊನೆಯ ಎರಡು ಮನೆಗಳ ಬಾವಿಗೆ ಚರಂಡಿ ನೀರು ಹೋಗಿದೆ. ಪೈಪಿಗೆಂದು ಜನವರಿಯಲ್ಲಿ ಅಗೆದ ಹೊಂಡದಲ್ಲಿ ಈಗ ಕಪ್ಪೆ ಕೂಗುತ್ತಿದೆ, ಸೊಳ್ಳೆಯೂ ಇದೆ. 2019ರಲ್ಲಿ ಈ ಊರು ಡೆಂಗಿಯಿಂದ ಪಟ್ಟ ಪಾಡು ತಮ್ಮ ಕಚೇರಿಗೆ ಮರೆತಿದ್ದರೂ ನಮಗೆ ಮರೆತಿಲ್ಲ. ಪಾಸಿಟಿವ್ ಬಂದ ಮನೆಗಳ ಕಸಕ್ಕೆ ಬೇರೆ ಗಾಡಿ ಎಂದಿದ್ದರು. ಬೇರೆ ಗಾಡಿ ಹಾಗಿರಲಿ, ಇದ್ದ ಗಾಡಿಯೇ ವಾರಕ್ಕೆ ಎರಡು ದಿನ ಬರುತ್ತಿದೆ. ಮನೆ ತೆರಿಗೆಯ ಜೊತೆ ಘನತ್ಯಾಜ್ಯದ ಸೆಸ್ ಮಾತ್ರ ತಪ್ಪಿಲ್ಲ. ತಿರುವಿನ ದಾರಿದೀಪ ಉರಿಯುವುದಿಲ್ಲ, ಬೈಕಿನ ಹುಡುಗನಿಗೆ ಅನುಕೂಲ.

ಈ ರಸ್ತೆಯಲ್ಲಿ ಮೇ ತಿಂಗಳಲ್ಲಿ ಇಬ್ಬರು ತೀರಿಕೊಂಡರು. ಅವರಿಗೆ ಸೋಂಕು ಆ ಅಂಗಡಿಯಿಂದಲೇ ಬಂತು ಎಂದು ನಾವು ಹೇಳುತ್ತಿಲ್ಲ, ಹೇಳಲು ಆಧಾರವೂ ಇಲ್ಲ. ಒಬ್ಬರ ಶವ ಮನೆಗೆ ಬರಲಿಲ್ಲ, ಆಸ್ಪತ್ರೆಯಿಂದ ನೇರ ಸ್ಮಶಾನಕ್ಕೆ ಹೋಯಿತು. ನಾವು ಆದೇಶ ಪಾಲಿಸಿ ಮನೆಯೊಳಗೇ ಉಳಿದೆವು, ಮಗನ ಜೊತೆ ನಿಲ್ಲಲೂ ಹೋಗಲಿಲ್ಲ. ಆ ದಿನವೂ ಕೆಳಗೆ ಹಾರ್ನ್ ಎರಡು ಸಲ ಹೊಡೆದದ್ದು ಕೇಳಿಸಿತು.

ಆದ್ದರಿಂದ ಕೇಳುವುದು ಇಷ್ಟು. ಮೂರೂ ಅಂಗಡಿಗಳಿಗೆ ಬೆಳಗಿನ ಹೊತ್ತೇ ಬಂದು ನೋಟಿಸು ಕೊಡಿ, ಮತ್ತೆ ತೆರೆದರೆ ಉದ್ದಿಮೆ ಪರವಾನಿಗೆ ಅಮಾನತಿನಲ್ಲಿಡಿ. ಬಾಗಿಲು ಹಾಕಿ ಕೂತ ದರ್ಜಿಯಂಥವರಿಗೆ ಈ ವರ್ಷದ ಪರವಾನಿಗೆ ಶುಲ್ಕ ಮನ್ನಾ ಮಾಡಿ, ಅದು ತಮ್ಮ ಕೈಯಲ್ಲೇ ಆಗುವ ಕೆಲಸ ಎಂದುಕೊಂಡಿದ್ದೇವೆ. ಹೂವಿನಕ್ಕನ ಬುಟ್ಟಿ ವಾಪಸು ಕೊಡಿಸಿ. ತೋಡು ಈ ವಾರ ಬಿಡಿಸಿ. ಉತ್ತರ 21ರ ಒಳಗೆ, ಲಿಖಿತವಾಗಿ ಬರಲಿ. ಲಾಕ್‌ಡೌನ್ ಮುಗಿದ ಮೇಲೆ ‘ಈಗ ಎಲ್ಲ ತೆರೆದಿದೆಯಲ್ಲ’ ಎಂಬ ಉತ್ತರ ನಮಗೆ ಬೇಡ.

ಇತಿ ತಮ್ಮ ವಿಶ್ವಾಸಿಗಳು,
ಅಡ್ಡರಸ್ತೆಯ ನಿವಾಸಿಗಳು

ವಿ.ಸೂ.: ಸಹಿಗಳ ಎದುರು ಮನೆ ನಂಬ್ರ ಹಾಕಿದ್ದೇವೆ, ಫೋನ್ ನಂಬ್ರ ಹಾಕಿಲ್ಲ. ಕಳೆದ ಸಲ ಕೊಟ್ಟ ನಂಬ್ರಕ್ಕೆ ತಮ್ಮಿಂದ ಕರೆ ಬರಲಿಲ್ಲ, ಬಟ್ಟೆ ಅಂಗಡಿಯಿಂದ ಬಂತು.