ಇಂಗ್ಲಿಷ್ ಅಭ್ಯಾಸಕ್ಕೆ ಕನ್ನಡದ ವಿವರಣೆ ಬೇಕು

ಮಾನ್ಯ ಸಂಪಾದಕರಿಗೆ ನಮಸ್ಕಾರಗಳು.

ಕಾಸರಗೋಡು ಜಿಲ್ಲೆಯ ಕನ್ನಡ ಮಾಧ್ಯಮ ಪ್ರೌಢಶಾಲೆಗಳ ಮಕ್ಕಳಿಗೆ ಇಂಗ್ಲಿಷ್ ವ್ಯಾಕರಣವನ್ನೂ ಗದ್ಯಭಾಗ ಓದಿ ಅರ್ಥಮಾಡಿಕೊಳ್ಳುವ ಕ್ರಮವನ್ನೂ ಕನ್ನಡದಲ್ಲಿ ವಿವರಿಸಿ ಅಭ್ಯಾಸ ಮಾಡಿಸುವ, ಕೇರಳದ ಪಠ್ಯಕ್ರಮಕ್ಕೆ ಹೊಂದುವ ಪುಸ್ತಕವೊಂದು ನನ್ನ ಅಧ್ಯಾಪನದ ಅವಧಿಯಲ್ಲಿ ಸಿಗಲಿಲ್ಲ; ನಿವೃತ್ತನಾದ ಮೇಲೂ ಕಣ್ಣಿಗೆ ಬಿದ್ದಿಲ್ಲ. ಅಂಥ ಪುಸ್ತಕ ಏಕೆ ಬೇಕು, ಅದು ಹೇಗಿರಬೇಕು ಎಂಬುದನ್ನು ತಮ್ಮ ಪತ್ರಿಕೆಯ ಮೂಲಕ ಸಂಬಂಧಪಟ್ಟವರ ಗಮನಕ್ಕೆ ತರಬಯಸುತ್ತೇನೆ.

ಈ ವಿಷಯವನ್ನು ಈಗ ಎತ್ತಲು ಒಂದು ಕಾರಣವಿದೆ. ಚೀನಾದಲ್ಲಿ ವೈದ್ಯಕೀಯ ಶಿಕ್ಷಣ ಪಡೆಯುತ್ತಿರುವ ನಮ್ಮೂರಿನ ಹುಡುಗನೊಬ್ಬ ರಜೆಯಲ್ಲಿ ಬಂದಾಗ ಅಲ್ಲಿನ ಹೈಸ್ಕೂಲು ಮಕ್ಕಳು ಬಳಸುವ ಇಂಗ್ಲಿಷ್ ಅಭ್ಯಾಸ ಪುಸ್ತಕವೊಂದನ್ನು ತೋರಿಸಿದ. ಗದ್ಯಭಾಗಗಳೂ ಪ್ರಶ್ನೆಗಳೂ ಇಂಗ್ಲಿಷಿನಲ್ಲಿವೆ. ಉತ್ತರ ಏಕೆ ಸರಿ, ಉಳಿದ ಆಯ್ಕೆಗಳು ಏಕೆ ತಪ್ಪು ಎಂಬ ವಿವರಣೆ ಪೂರ್ತಿ ಚೀನೀ ಭಾಷೆಯಲ್ಲಿದೆ. ಆ ವಿವರಣೆಗಳನ್ನು ಅವನಿಂದ ಓದಿಸಿ, ಅರ್ಥ ಕೇಳುತ್ತಾ ಹೋದಂತೆ ನಮ್ಮಲ್ಲಿ ಇಲ್ಲದ್ದೇನು ಎಂಬುದು ನನಗೆ ಸ್ಪಷ್ಟವಾಯಿತು.

ಸಾಂಸ್ಕೃತಿಕ ಕ್ರಾಂತಿಯ ಕಾಲದಲ್ಲಿ ನಿಂತುಹೋಗಿ 1977ರಲ್ಲಿ ಮತ್ತೆ ಆರಂಭವಾದ ಗಾವೊಕಾವೊ ಎಂಬ ಅಲ್ಲಿನ ಕಾಲೇಜು ಪ್ರವೇಶ ಪರೀಕ್ಷೆಯ 750 ಅಂಕಗಳಲ್ಲಿ 150 ಅಂಕ ವಿದೇಶಿ ಭಾಷೆಗೆ ಮೀಸಲು, ಬಹುಪಾಲು ಮಕ್ಕಳಿಗೆ ಅದು ಇಂಗ್ಲಿಷ್. ಈಗ ಹೆಚ್ಚಿನ ಪ್ರಾಂತ್ಯಗಳಲ್ಲಿ ನಡೆಯುವ ಮಾದರಿಯಲ್ಲಿ ನಾಲ್ಕು ಗದ್ಯಭಾಗಗಳಿಗೆ 15 ಪ್ರಶ್ನೆಗಳಿರುತ್ತವೆ. ಇನ್ನೊಂದು ಗದ್ಯದಲ್ಲಿ ಐದು ವಾಕ್ಯಗಳನ್ನು ತೆಗೆದು, ಏಳು ವಾಕ್ಯಗಳನ್ನು ಕೊಟ್ಟು, ಯಾವುದು ಎಲ್ಲಿ ಕೂರುತ್ತದೆ ಎಂದು ಕೇಳುತ್ತಾರೆ; ಎರಡು ವಾಕ್ಯಗಳು ಎಲ್ಲಿಯೂ ಸೇರುವುದಿಲ್ಲ. ವ್ಯಾಕರಣವನ್ನು ಬಿಡಿ ವಾಕ್ಯಗಳಲ್ಲಿ ಕೇಳುವ ಬದಲು ಸುಮಾರು 200 ಪದಗಳ ಒಂದು ಗದ್ಯದಲ್ಲಿ ಹತ್ತು ಜಾಗಗಳನ್ನು ಖಾಲಿ ಬಿಡುತ್ತಾರೆ. ಕೆಲವು ಕಡೆ ಮೂಲ ಪದವನ್ನು ಆವರಣದಲ್ಲಿ ಕೊಟ್ಟು ಸರಿಯಾದ ರೂಪ ಬರೆಯಿಸುತ್ತಾರೆ, ಕೆಲವು ಕಡೆ ಸುಳಿವೇ ಇರುವುದಿಲ್ಲ. ಇಡೀ ಗದ್ಯವನ್ನು ಅರ್ಥಮಾಡಿಕೊಳ್ಳದೆ ಒಂದೊಂದೇ ಜಾಗವನ್ನು ನೋಡಿ ತುಂಬಿಸುವ ಮಗು ಇಲ್ಲಿ ಖಂಡಿತ ಎಡವುತ್ತದೆ. ವ್ಯಾಕರಣವನ್ನೂ ಓದನ್ನೂ ಹೀಗೆ ಬೆಸೆದಿರುವುದು ನನಗೆ ಬಹಳ ಹಿಡಿಸಿತು.

ಅದಕ್ಕಿಂತ ಹೆಚ್ಚಾಗಿ ನನ್ನನ್ನು ಯೋಚನೆಗೆ ಹಚ್ಚಿದ್ದು, ಆ ವಿವರಣೆಗಳು ಚೀನೀ ಮಗು ಎಲ್ಲಿ ತಪ್ಪುತ್ತದೆ ಎಂಬುದನ್ನು ಮೊದಲೇ ಅರಿತು ಬರೆದಂತಿರುವುದು. ಚೀನೀ ಭಾಷೆಯಲ್ಲಿ ಕಾಲಕ್ಕೆ ತಕ್ಕಂತೆ ಕ್ರಿಯಾಪದದ ರೂಪ ಬದಲಾಗುವುದಿಲ್ಲ, 'ಎ', 'ಆ್ಯನ್', 'ದಿ' ಎಂಬಂಥ ಆರ್ಟಿಕಲ್‌ಗಳಿಲ್ಲ, ನಾಮಪದಗಳಿಗೆ ಸಾಮಾನ್ಯವಾಗಿ ಬಹುವಚನದ ಪ್ರತ್ಯಯ ಹತ್ತುವುದಿಲ್ಲ, ಅವನು ಮತ್ತು ಅವಳು ಎಂಬುದಕ್ಕೆ ಉಚ್ಚಾರ ಒಂದೇ. ಆದ್ದರಿಂದ ಖಾಲಿ ಜಾಗಗಳು ಹೆಚ್ಚಾಗಿ ಕ್ರಿಯಾಪದದ ರೂಪ, ಆರ್ಟಿಕಲ್, ಬಹುವಚನ ಮುಂತಾದವುಗಳ ಮೇಲೆಯೇ ಬೀಳುತ್ತವೆ. ನಮ್ಮ ಮಗು ಎಡವುವ ಜಾಗಗಳು ಬೇರೆ. ಕನ್ನಡದಲ್ಲಿ ಕಾಲವೂ ಇದೆ, ಲಿಂಗ ವಚನಗಳೂ ಇವೆ. ಹಾಗಾಗಿ ಅಲ್ಲಿ ನಮಗೆ ಅಷ್ಟು ಕಷ್ಟವಿಲ್ಲ. ಆದರೆ ಕ್ರಿಯಾಪದ ವಾಕ್ಯದ ಕೊನೆಗೆ ಬರುವುದು ನಮ್ಮ ಪದ್ಧತಿ, ಇಂಗ್ಲಿಷಿನಲ್ಲಿ ಅದು ಕರ್ತೃವಿನ ಬೆನ್ನಿಗೇ ಬರುತ್ತದೆ. ವಿಭಕ್ತಿ ಪ್ರತ್ಯಯ ನಮ್ಮಲ್ಲಿ ಪದದ ಕೊನೆಗೆ ಅಂಟಿಕೊಂಡರೆ ಇಂಗ್ಲಿಷಿನಲ್ಲಿ ಅದರ ಕೆಲಸ ಮಾಡುವುದು ಬೇರೆ ಪದವಾಗಿ ನಾಮಪದಕ್ಕಿಂತ ಮೊದಲು ನಿಲ್ಲುತ್ತದೆ.

ಆರ್ಟಿಕಲ್‌ಗಳು ಕನ್ನಡದಲ್ಲೂ ಇಲ್ಲ. ಅದಲ್ಲದೆ ಇನ್ನೊಂದು ಕಷ್ಟವೂ ಚೀನೀ ಮಗುವಿಗೂ ನಮ್ಮ ಮಗುವಿಗೂ ಸಮಾನವಾಗಿದೆ. ಒಂದು ನಾಮಪದವನ್ನು ವಿಶೇಷಿಸುವ ಉಪವಾಕ್ಯ ಎರಡೂ ಭಾಷೆಗಳಲ್ಲಿ ಆ ನಾಮಪದಕ್ಕಿಂತ ಮೊದಲು ಬರುತ್ತದೆ, ಇಂಗ್ಲಿಷಿನಲ್ಲಿ ಅದರ ನಂತರ. ಒಂಬತ್ತನೇ ತರಗತಿಯಲ್ಲಿ ನಾನು ಹಲವು ವರ್ಷ ಬರೆಯಿಸುತ್ತಿದ್ದ ಒಂದು ವಾಕ್ಯವಿದು: 'ದಿ ಓಲ್ಡ್ ವುಮನ್ ಹೂಸ್ ಸನ್ ಸೋಲ್ಡ್ ದಿ ಕೌ ವೆಪ್ಟ್.' ಅತ್ತದ್ದು ಯಾರು ಎಂದು ಕೇಳಿದರೆ ದನ ಎಂಬ ಉತ್ತರ ಪ್ರತಿವರ್ಷವೂ ಬರುತ್ತಿತ್ತು. ಮಕ್ಕಳ ದಡ್ಡತನ ಇದಕ್ಕೆ ಕಾರಣವಲ್ಲ. ಕ್ರಿಯಾಪದದ ಪಕ್ಕದಲ್ಲಿರುವ ನಾಮಪದವೇ ಕರ್ತೃ ಎಂದು ಮೊದಲು ಕಲಿಸಿದವರು ನಾವೇ. ಮಗು ಆ ಸೂತ್ರವನ್ನು ಪ್ರಾಮಾಣಿಕವಾಗಿ ಅನುಸರಿಸಿದೆ. ಚೀನೀ ಪುಸ್ತಕದಲ್ಲಿ ಇಂಥ ವಾಕ್ಯವನ್ನು ಬಿಡಿಸುವ ಕ್ರಮ ಹೀಗಿದೆ: ಮೊದಲು ಕ್ರಿಯಾಪದಗಳಿಗೆಲ್ಲ ಗೆರೆ ಎಳೆಯಬೇಕು; 'ಹೂ', 'ಹೂಸ್', 'ವಿಚ್' ಮುಂತಾದ ಪದದಿಂದ ಆರಂಭವಾಗುವ ತುಂಡನ್ನು ಅದರ ಕ್ರಿಯಾಪದ ಮತ್ತು ಕರ್ಮದೊಂದಿಗೆ ಆವರಣದೊಳಗೆ ಹಾಕಬೇಕು; ಆಮೇಲೆ ಆವರಣದ ಹೊರಗೆ ಉಳಿದದ್ದನ್ನು ಓದಬೇಕು. ಉಳಿಯುವುದು ಮುದುಕಿ ಅತ್ತಳು ಎಂಬುದಷ್ಟೆ. ಇದಕ್ಕೆ 'ಮಗ ದನವನ್ನು ಮಾರಿದ ಮುದುಕಿ ಅತ್ತಳು' ಎಂಬ ಕನ್ನಡ ವಾಕ್ಯವನ್ನು ಕೆಳಗೆ ಬರೆದು, ಯಾವ ತುಂಡು ಎಲ್ಲಿಂದ ಎಲ್ಲಿಗೆ ಹೋಯಿತು ಎಂದು ಬಾಣ ಹಾಕಿ ತೋರಿಸಿದರೆ ಹತ್ತು ನಿಮಿಷದಲ್ಲಿ ವಿಷಯ ಮನದಟ್ಟಾಗುತ್ತದೆ. ಇಂಗ್ಲಿಷಿನಲ್ಲೇ ವಿವರಿಸಹೊರಟರೆ ವಾಕ್ಯಕ್ಕಿಂತ ವಿವರಣೆಯೇ ಕಠಿಣವಾಗುತ್ತದೆ.

ಇನ್ನೊಂದು ಉದಾಹರಣೆಯನ್ನೂ ಹೇಳಲೇಬೇಕು, ಏಕೆಂದರೆ ಸಂಭಾಷಣೆಯನ್ನು ವರದಿ ರೂಪಕ್ಕೆ ತಿರುಗಿಸುವ ಪ್ರಶ್ನೆ ನಮ್ಮ ಎಸ್ಸೆಸ್ಸೆಲ್ಸಿ ಪರೀಕ್ಷೆಯಲ್ಲಿ ಮತ್ತೆ ಮತ್ತೆ ಬರುವಂಥದ್ದು. 'ನಾನು ನಾಳೆ ಬರುತ್ತೇನೆ ಎಂದು ರವಿ ಹೇಳಿದ' ಎಂಬುದು ಶುದ್ಧ ಕನ್ನಡ. ಇಲ್ಲಿ 'ನಾನು' ಎಂದರೆ ರವಿ ಎಂದು ಯಾರಿಗೂ ಹೇಳಿಕೊಡಬೇಕಾಗಿಲ್ಲ. ಅದೇ ಮಗು ಇಂಗ್ಲಿಷಿನಲ್ಲಿ 'ರವಿ ಸೆಡ್ ದ್ಯಾಟ್ ಐ ವಿಲ್ ಕಮ್ ಟುಮಾರೊ' ಎಂದು ಬರೆದಾಗ 'ಐ' ಎಂಬುದು ಬರೆಯುತ್ತಿರುವವನಾಗಿಬಿಡುತ್ತದೆ. ಪದವನ್ನು ಬದಲಿಸು, ಕಾಲವನ್ನು ಬದಲಿಸು ಎಂಬ ಪಟ್ಟಿಯನ್ನು ಬಾಯಿಪಾಠ ಮಾಡಿಸುವುದರಿಂದ ಈ ತಪ್ಪು ಹೋಗುವುದಿಲ್ಲ. ಕನ್ನಡ ಆಡಿದವನ ಮಾತನ್ನು ಇದ್ದಂತೆಯೇ ಇಟ್ಟು 'ಎಂದು' ಹಚ್ಚುತ್ತದೆ, ಇಂಗ್ಲಿಷ್ ಅದನ್ನು ವರದಿ ಮಾಡುವವನ ಕಡೆಯಿಂದ ನೋಡಿ ತಿದ್ದುತ್ತದೆ ಎಂದು ಒಮ್ಮೆ ತಿಳಿದರೆ ಪಟ್ಟಿಯ ಅಗತ್ಯ ಬಹುಪಾಲು ತಪ್ಪುತ್ತದೆ.

ನಮ್ಮ ಮಕ್ಕಳ ಸ್ಥಿತಿಯನ್ನೂ ನೆನಪಿಸುವುದು ಅಗತ್ಯ. ಮನೆಯಲ್ಲಿ ತುಳು, ಕೊಂಕಣಿ, ಮರಾಠಿ, ಬ್ಯಾರಿ, ಹವ್ಯಕ ಕನ್ನಡ ಹೀಗೆ ಒಂದೊಂದು ಭಾಷೆ, ಶಾಲೆಯಲ್ಲಿ ಕನ್ನಡ, ಜೊತೆಗೆ ಮಲಯಾಳ, ಹಿಂದಿ, ಇಂಗ್ಲಿಷ್. ನಾಲ್ಕು ಲಿಪಿಗಳನ್ನು ಕಲಿಯುವ ಮಗುವಿಗೆ ಪೇಟೆಯ ಅಂಗಡಿಯಲ್ಲಿ ಸಿಗುವ ಇಂಗ್ಲಿಷ್ ಗೈಡುಗಳಲ್ಲಿ ವಿವರಣೆ ಇದ್ದರೆ ಅದು ಮಲಯಾಳದಲ್ಲಿರುತ್ತದೆ. ಮಂಗಳೂರಿನಿಂದ ತರಿಸೋಣವೆಂದರೆ ಅವು ಕರ್ನಾಟಕದ ಪಠ್ಯಕ್ಕೆ ತಕ್ಕವು, ಪ್ರಶ್ನೆಗಳ ಕ್ರಮವೇ ಬೇರೆ. ಲಿಖಿತ ಪರೀಕ್ಷೆಯಲ್ಲಿ ಪ್ರತಿ ವಿಷಯಕ್ಕೂ ಶೇ 30 ಕನಿಷ್ಠ ಅಂಕ ಬೇಕೆಂಬ ನಿಯಮವನ್ನು ಕೇರಳ ಸರ್ಕಾರ 2024-25ರಲ್ಲಿ ಎಂಟನೇ ತರಗತಿಯಿಂದ ಜಾರಿಗೆ ತಂದಿದೆ. ಕಲಿಕೆಯ ಮಟ್ಟ ಏರಬೇಕೆಂಬ ಆ ಆಶಯ ನನಗೂ ಒಪ್ಪಿಗೆಯೇ. ಆದರೆ ಮಿತಿಯನ್ನು ನಿಗದಿಪಡಿಸುವಾಗ ಅದನ್ನು ಮುಟ್ಟುವ ಸಾಧನವನ್ನು ಭಾಷಾ ಅಲ್ಪಸಂಖ್ಯಾತ ಮಕ್ಕಳ ಕೈಗೂ ಕೊಡಬೇಕಲ್ಲವೇ? ಹತ್ತನೇ ತರಗತಿಯವರೆಗೆ ವಿಜ್ಞಾನವನ್ನು ಕನ್ನಡದಲ್ಲಿ ಓದಿದ ಮಗು ಹನ್ನೊಂದನೇ ತರಗತಿಯಾದ ಪ್ಲಸ್ ವನ್‌ಗೆ ಹೋದ ದಿನವೇ ಭೌತಶಾಸ್ತ್ರ, ಜೀವಶಾಸ್ತ್ರಗಳನ್ನು ಇಂಗ್ಲಿಷಿನಲ್ಲಿ ಓದಬೇಕಾಗುತ್ತದೆ. ಆವರಣ ಹಾಕಿ ವಾಕ್ಯ ಬಿಡಿಸಲು ಬಾರದ ಮಗುವಿಗೆ ಅಲ್ಲಿ ಕಷ್ಟವಾಗುವುದು ಮುಖ್ಯವಾಗಿ ಭಾಷೆಯಿಂದಲೇ. ಆದರೆ ವಿಜ್ಞಾನ ತನ್ನ ತಲೆಗೆ ಹತ್ತದು ಎಂದುಕೊಂಡು ಅದು ವಿಷಯವನ್ನೇ ಬಿಟ್ಟುಬಿಡುತ್ತದೆ. ಇಂಥ ಮಕ್ಕಳನ್ನು ನಾನು ಕಂಡಿದ್ದೇನೆ.

ಇಂಗ್ಲಿಷನ್ನು ಇಂಗ್ಲಿಷಿನಲ್ಲೇ ಕಲಿಸಬೇಕು, ತಾಯ್ನುಡಿ ನಡುವೆ ಬಂದರೆ ಅಡ್ಡಿ ಎಂಬ ವಾದವನ್ನು ತರಬೇತಿ ಶಿಬಿರಗಳಲ್ಲಿ ಅನೇಕ ಸಲ ಕೇಳಿದ್ದೇನೆ. ಮಾತನಾಡಲು ಕಲಿಸುವಾಗ ಅದರಲ್ಲಿ ಹುರುಳಿದೆ. ಡೈರಿ, ಪತ್ರ, ನೋಟಿಸ್, ವ್ಯಕ್ತಿಪರಿಚಯ ಮುಂತಾದವನ್ನು ಬರೆಯಿಸುವ ನಮ್ಮ ಪಠ್ಯಗಳ ಕ್ರಮವೂ ಒಳ್ಳೆಯದೇ. ಆದರೆ ವಾಕ್ಯದ ಕಟ್ಟಡವೇ ತಿಳಿಯದವರು ಹಾಗೆ ಬರೆಯುವುದು ಕೊನೆಗೆ ಕರಿಹಲಗೆಯಿಂದ ನಕಲು ಮಾಡುವುದಾಗಿ ಮುಗಿಯುತ್ತದೆ. ಚೀನಾದ ಕ್ರಮವನ್ನು ಇದ್ದಂತೆ ತಂದು ಹೇರಬೇಕೆಂದೂ ನಾನು ಹೇಳುತ್ತಿಲ್ಲ. ಸಾವಿರಾರು ಆಯ್ಕೆಯ ಪ್ರಶ್ನೆಗಳಿಗೆ ಗುರುತು ಹಾಕಿ ಪಳಗಿದರೂ ಇಂಗ್ಲಿಷಿನಲ್ಲಿ ನಾಲ್ಕು ಮಾತಾಡಲು ಬಾರದ ಮಕ್ಕಳ ಬಗ್ಗೆ ಅಲ್ಲಿಯವರೇ ಚಿಂತಿಸುತ್ತಿದ್ದಾರೆ. ನಾವು ತೆಗೆದುಕೊಳ್ಳಬೇಕಾದದ್ದು ಎರಡೇ: ಮಗುವಿನ ಭಾಷೆಯಲ್ಲಿ ವಿವರಣೆ, ಮತ್ತು ಗದ್ಯದೊಳಗೆ ವ್ಯಾಕರಣ.

ಗದ್ಯಭಾಗಗಳಿಗೆ ನಾವು ದೂರ ಹೋಗಬೇಕಾಗಿಲ್ಲ. ಮುರಕಲ್ಲಿನ ಗುಡ್ಡಕ್ಕೆ ಅಡ್ಡಲಾಗಿ ಕೊರೆದು, ಪಂಪಿನ ಹಂಗಿಲ್ಲದೆ ನೀರು ತಾನಾಗಿ ಹರಿದುಬರುವಂತೆ ಮಾಡಿದ ನಮ್ಮ ಸುರಂಗಗಳ ಬಗ್ಗೆ ಸರಳ ಇಂಗ್ಲಿಷಿನಲ್ಲಿ ಒಂದು ಪುಟ ಬರೆದರೆ, ನೀರು ಹೊರಗೆ ಬರಲು ಸುರಂಗದ ನೆಲ ಯಾವ ಕಡೆಗೆ ಇಳಿಜಾರಾಗಿರಬೇಕು ಎಂದು ಕೇಳಬಹುದು; ಉತ್ತರ ಗದ್ಯದಲ್ಲಿ ನೇರವಾಗಿ ಇರಬಾರದು, ಓದಿ ಊಹಿಸುವಂತಿರಬೇಕು. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ತಯಾರಿಸುವ ಕ್ರಮವನ್ನು ಹೇಳುವ ಕರಪತ್ರವೂ ಒಳ್ಳೆಯ ಗದ್ಯಭಾಗವೇ: ಮೊದಲು ಯಾವುದು, ಆಮೇಲೆ ಯಾವುದು, ಏನು ಮಾಡಬಾರದು ಎಂಬ ಪ್ರಶ್ನೆಗಳು ಅದರಿಂದ ಸಹಜವಾಗಿ ಹುಟ್ಟುತ್ತವೆ. ವಿಷಯ ಪರಿಚಿತವಾಗಿದ್ದರೆ ಮಗುವಿನ ಗಮನವೆಲ್ಲ ಭಾಷೆಯ ಮೇಲೆ ನಿಲ್ಲುತ್ತದೆ.

ಮಾಯಿಪ್ಪಾಡಿಯ ಡಯೆಟ್ (ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆ) ಈ ಕೆಲಸವನ್ನು ಕೈಗೆತ್ತಿಕೊಂಡು, ಕನ್ನಡ ಮಾಧ್ಯಮ ಶಾಲೆಗಳಲ್ಲಿ ಇಂಗ್ಲಿಷ್ ಕಲಿಸುವ ಅಧ್ಯಾಪಕರನ್ನು ಸೇರಿಸಿ, ಎಂಟರಿಂದ ಹತ್ತನೇ ತರಗತಿವರೆಗಿನ ಮಕ್ಕಳಿಗೆ ಒಂದು ಅಭ್ಯಾಸ ಪುಸ್ತಕವನ್ನು ಸಿದ್ಧಪಡಿಸಬೇಕು. ರಾಜ್ಯದ ಪಠ್ಯಪುಸ್ತಕಗಳನ್ನು ರೂಪಿಸುವ ಸಂಸ್ಥೆಯಾದ ಎಸ್‌ಸಿಇಆರ್‌ಟಿ ಅದನ್ನು ಪರಿಶೀಲಿಸಿ ಮುದ್ರಿಸಬೇಕು ಎಂದು ವಿನಂತಿಸುತ್ತೇನೆ. ಪುಸ್ತಕ ಬರಲು ಸಮಯ ಹಿಡಿಯುತ್ತದೆ ಎಂಬುದು ನಿಜ. ಅಲ್ಲಿಯವರೆಗೆ ತಮ್ಮ ಪತ್ರಿಕೆಯ ಕಾಸರಗೋಡು ಆವೃತ್ತಿಯಲ್ಲಿ ವಾರಕ್ಕೊಮ್ಮೆ ಅರ್ಧ ಪುಟದಷ್ಟು ಜಾಗ ದೊರೆತರೆ ಒಂದು ಗದ್ಯಭಾಗ, ಐದು ಪ್ರಶ್ನೆ, ಮರುವಾರ ಕನ್ನಡದಲ್ಲಿ ವಿವರಣೆ ಎಂಬ ಕ್ರಮದಲ್ಲಿ ಬರೆದುಕೊಡಲು ನಾನೂ ನನ್ನಂತೆಯೇ ನಿವೃತ್ತರಾದ ಕೆಲವು ಅಧ್ಯಾಪಕ ಮಿತ್ರರೂ ಸಿದ್ಧರಿದ್ದೇವೆ. ಸಂಭಾವನೆಯ ಅಪೇಕ್ಷೆ ಇಲ್ಲ. ಓಣಂ ಪರೀಕ್ಷೆಗೆ, ಅಂದರೆ ವರ್ಷದ ಮೊದಲ ಅವಧಿಯ ಪರೀಕ್ಷೆಗೆ, ಮೊದಲು ಆರಂಭಿಸಲು ಸಾಧ್ಯವಾದರೆ ಈ ವರ್ಷ ಹತ್ತನೇ ತರಗತಿಯಲ್ಲಿರುವ ಮಕ್ಕಳಿಗೂ ಅದು ದೊರೆಯುತ್ತದೆ.

ತಮ್ಮ ವಿಶ್ವಾಸಿ,
ಓರ್ವ ನಿವೃತ್ತ ಇಂಗ್ಲಿಷ್ ಅಧ್ಯಾಪಕ
ಬದಿಯಡ್ಕ, ಕಾಸರಗೋಡು ಜಿಲ್ಲೆ